ಹೇಳದೆ ಉಳಿದ ಪೆಟ್ಟು

ಬೆಳಗಿನ ಐದು ಗಂಟೆ. ಅಮೆರಿಕದ ಒಂದು ಸಣ್ಣ ಊರಿನ ವಿಮಾನ ನಿಲ್ದಾಣ ಎಂದಿಟ್ಟುಕೊಳ್ಳಿ. ರಾತ್ರಿಯೆಲ್ಲ ಅಲ್ಲೇ ನಿಂತಿದ್ದ ಐವತ್ತು ಸೀಟಿನ ಜೆಟ್ ವಿಮಾನದ ಸುತ್ತ ಫಸ್ಟ್ ಆಫೀಸರ್ (ಸಹಪೈಲಟ್) ಟಾರ್ಚ್ ಹಿಡಿದು ನಡೆಯುತ್ತಿದ್ದಾಳೆ. ಟೈರು, ಬ್ರೇಕು, ರೆಕ್ಕೆಯ ಅಂಚು, ಎಂಜಿನ್ನಿನ ಬಾಯಿ ಎಲ್ಲವನ್ನೂ ನೋಡಿಕೊಂಡು ಹಿಂಬದಿಗೆ ಬಂದಾಗ, ಸಾಮಾನು ತುಂಬುವ ಬಾಗಿಲಿನ ಪಕ್ಕದಲ್ಲಿ ಬೆಳಕು ಒಂದು ಕಡೆ ಮುರಿದಂತೆ ಕಾಣುತ್ತದೆ. ಕೈಯಿಟ್ಟು ಸವರುತ್ತಾಳೆ. ಅಂಗೈಯಗಲದ ನೆಗ್ಗು. ಬಣ್ಣ ಕಿತ್ತಿಲ್ಲ. ಒಂದು ಅಂಚು ಮಾತ್ರ ಚೂಪಾಗಿ ಮಡಚಿದಂತಿದೆ.

ಇದು ನಿನ್ನೆ ಇತ್ತೇ? ವಿಮಾನದ ಹಳೆಯ ನೆಗ್ಗುಗಳನ್ನೆಲ್ಲ ಅಳತೆಸಹಿತ ಗುರುತಿಸಿಟ್ಟ ನಕ್ಷೆಯೊಂದು ಕಾಕ್‌ಪಿಟ್‌ನಲ್ಲಿದೆ. ಅದರಲ್ಲಿ ಇದಿಲ್ಲ. ಈ ಊರಿನಲ್ಲಿ ಕಂಪನಿಯ ಮೆಕ್ಯಾನಿಕ್ ಇಲ್ಲ. ವಿಮಾನದ ದೋಷಗಳನ್ನು ದಾಖಲಿಸುವ ಲಾಗ್‌ಬುಕ್‌ನಲ್ಲಿ ಒಂದು ಸಾಲು ಬರೆದರೆ, ಯಾರಾದರೂ ಬಂದು ನೋಡಿ ಸಹಿ ಹಾಕುವವರೆಗೆ ವಿಮಾನ ಕದಲುವಂತಿಲ್ಲ. ಒಳಗೆ ಪ್ರಯಾಣಿಕರು ಸಾಲುಗಟ್ಟಿದ್ದಾರೆ. ಅವರಲ್ಲಿ ಬಹುಪಾಲು ಜನರಿಗೆ ದೊಡ್ಡ ನಿಲ್ದಾಣದಲ್ಲಿ ಇನ್ನೊಂದು ವಿಮಾನ ಹಿಡಿಯಬೇಕಿದೆ. ಬೆಳಕು ಇನ್ನೂ ಹರಿದಿಲ್ಲ, ಈ ನೆಗ್ಗನ್ನು ಕಂಡವರು ಅವಳ ಹೊರತು ಯಾರೂ ಇಲ್ಲ.

ವಿಮಾನ ಸುರಕ್ಷತೆ ಎಂದಾಗ ನಮಗೆ ನೆನಪಾಗುವುದು ಎಂಜಿನ್, ರಾಡಾರ್, ಕಪ್ಪು ಪೆಟ್ಟಿಗೆ. ನಾನು ಹೇಳಹೊರಟಿರುವುದು ಅವುಗಳಷ್ಟೇ ಮುಖ್ಯವಾದ, ಆದರೆ ಯಾವ ಕಾರ್ಖಾನೆಯೂ ತಯಾರಿಸದ ಒಂದು ಬಿಡಿಭಾಗದ ಬಗ್ಗೆ. ಪೆಟ್ಟು ಬಿದ್ದಿದೆ ಎಂದು ಒಬ್ಬ ಮನುಷ್ಯ ಬಾಯಿಬಿಟ್ಟು ಹೇಳುವ ಮಾತು ಅದು. ಎಷ್ಟೋ ಪೆಟ್ಟುಗಳನ್ನು ತಾನಾಗಿಯೇ ಹೇಳಿಕೊಳ್ಳುವ ಶಕ್ತಿ ವಿಮಾನಕ್ಕಿಲ್ಲ. ಕಂಡವರು ಹೇಳಬೇಕು, ಮಾಡಿದವರು ಹೇಳಬೇಕು.

ಸಣ್ಣ ಜೆಟ್‌ಗಳ ಪಾಡು

ಅಮೆರಿಕದಲ್ಲಿ ಡೆಲ್ಟಾ, ಯುನೈಟೆಡ್, ಅಮೆರಿಕನ್ ಎಂಬ ದೊಡ್ಡ ಹೆಸರುಗಳ ಬಣ್ಣ ಬಳಿದುಕೊಂಡು ಹಾರುವ ಸಣ್ಣ ವಿಮಾನಗಳನ್ನು ನಡೆಸುವವರು ಬಹಳಷ್ಟು ಸಲ ಬೇರೆಯೇ ಕಂಪನಿಗಳು. ಡೆಲ್ಟಾ ಕನೆಕ್ಷನ್, ಯುನೈಟೆಡ್ ಎಕ್ಸ್‌ಪ್ರೆಸ್, ಅಮೆರಿಕನ್ ಈಗಲ್ ಎಂಬವು ಟಿಕೆಟ್ಟಿನ ಮೇಲಿನ ಹೆಸರುಗಳು. ಒಳಗಿರುವ ಪೈಲಟ್‌ಗಳ ಸಂಬಳ, ತರಬೇತಿ, ಮೆಕ್ಯಾನಿಕ್ ಎಲ್ಲವೂ ಪ್ರಾದೇಶಿಕ ಕಂಪನಿಯದು. ಕೆನಡಾದ ಬೊಂಬಾರ್ಡಿಯರ್ ಕಟ್ಟಿದ ಸಿಆರ್‌ಜೆ, ಬ್ರೆಜಿಲ್‌ನ ಎಂಬ್ರೇರ್ ಕಟ್ಟಿದ ಇಆರ್‌ಜೆ ಮತ್ತು ಇ-175 ಈ ಕೆಲಸದ ಎತ್ತುಗಳು. ಸೀಟುಗಳು ಹೆಚ್ಚಾಗಿ 50ರಿಂದ 76.

ಇವು ಸಣ್ಣ ದೂರ ಹಾರುತ್ತವೆ, ಹಾಗಾಗಿ ದಿನಕ್ಕೆ ಹಲವು ಬಾರಿ ಏರಿ ಇಳಿಯುತ್ತವೆ. ಸಾಗರ ದಾಟುವ ದೊಡ್ಡ ವಿಮಾನ ದಿನಕ್ಕೆ ಒಂದೋ ಎರಡೋ ಸಲ ಇಳಿದರೆ, ಇವು ಆರೇಳು ಸಲ ಇಳಿಯುವುದೂ ಉಂಟು. ಪ್ರತಿ ಇಳಿತವೂ ಚಕ್ರದ ಕಾಲಿಗೆ ಒಂದು ಹೊಡೆತ. ಪ್ರತಿ ನಿಲುಗಡೆಯಲ್ಲೂ ಸಾಮಾನಿನ ಗಾಡಿ, ಬೆಲ್ಟ್ ಇರುವ ಗಾಡಿ, ಇಂಧನದ ಲಾರಿ ಸುತ್ತ ಮುತ್ತಿಕೊಳ್ಳುತ್ತವೆ. ಅದರಲ್ಲೂ ಸಿಆರ್‌ಜೆ-200 ನೆಲಕ್ಕೆ ತೀರ ಹತ್ತಿರ ಕುಳಿತ ವಿಮಾನ. ದೊಡ್ಡ ವಿಮಾನದ ಹೊಟ್ಟೆಯ ಕೆಳಗೆ ಹಾದುಹೋಗುವ ಗಾಡಿ ಇದರ ಪಕ್ಕೆಗೆ ನೇರ ತಾಗುತ್ತದೆ. ಪೆಟ್ಟು ಬೀಳುವ ಅವಕಾಶ ಹೆಚ್ಚು, ನೋಡುವ ಪುರುಸೊತ್ತು ಕಡಿಮೆ.

ಒಂದು ನೆಗ್ಗಿನೊಳಗೆ ಏನಿದೆ

ವಿಮಾನದ ಮೈ ಬಹಳ ಕಡೆ ಒಂದೆರಡು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು. ಒಳಗೆ ಪಕ್ಕೆಲುಬಿನಂಥ ಚೌಕಟ್ಟು, ಅದಕ್ಕೆ ರಿವೆಟ್ ಹೊಡೆದು ಕೂರಿಸಿದ ತಗಡು. ಮೇಲೆ ಹೋದಂತೆ ಹೊರಗಿನ ಗಾಳಿ ತೆಳುವಾಗುತ್ತದೆ, ಒಳಗಿನ ಗಾಳಿಯನ್ನು ನಾವು ಉಸಿರಾಡುವಷ್ಟು ದಟ್ಟವಾಗಿ ಇಡಬೇಕು. ಹಾಗಾಗಿ ಎತ್ತರದಲ್ಲಿ ವಿಮಾನದ ಮೈ ಒಳಗಿನಿಂದ ಉಬ್ಬಿದ ಬಲೂನಿನಂತೆ ಬಿಗಿದು ನಿಂತಿರುತ್ತದೆ. ಒಳಹೊರಗಿನ ಒತ್ತಡದ ವ್ಯತ್ಯಾಸ ಪ್ರತಿ ಚದರ ಇಂಚಿಗೆ ಸುಮಾರು 8 ಪೌಂಡ್. ಕೇಳಲು ಸಣ್ಣದು. ಚದರ ಅಡಿಯ ಲೆಕ್ಕಕ್ಕೆ ತಂದರೆ ಐನೂರು ಕಿಲೋಗೂ ಮಿಗಿಲಾದ ಭಾರ. ನಿಮ್ಮ ಕಿಟಕಿಯ ಪಕ್ಕದ ಒಂದೊಂದು ಚದರ ಅಡಿ ತಗಡನ್ನೂ ಅಷ್ಟು ಭಾರ ಹೊರಕ್ಕೆ ತಳ್ಳುತ್ತಿರುತ್ತದೆ.

ಏರಿದಾಗ ಉಬ್ಬು, ಇಳಿದಾಗ ಸಡಿಲು. ತಂತಿಯೊಂದನ್ನು ಹಿಂದೆ ಮುಂದೆ ಬಾಗಿಸುತ್ತಾ ಹೋದರೆ ಒಂದು ಹಂತದಲ್ಲಿ ಪಟ್ಟನೆ ಮುರಿಯುತ್ತದಲ್ಲ, ತಗಡಿಗೂ ಅದೇ ಗತಿ. ಎಂಜಿನಿಯರ್‌ಗಳು ಇದನ್ನು ಲೋಹದ ದಣಿವು ಎನ್ನುತ್ತಾರೆ. ವಿಮಾನದ ವಯಸ್ಸನ್ನು ವರ್ಷಗಳ ಜೊತೆಗೆ ಇಂಥ ಏರಿಳಿತಗಳಲ್ಲೂ ಎಣಿಸುವುದು ಇದಕ್ಕಾಗಿಯೇ. ತಗಡು ನುಣುಪಾಗಿದ್ದರೆ ಒತ್ತಡ ಸಮನಾಗಿ ಹಂಚಿಹೋಗಿ ಸಾವಿರಾರು ಏರಿಳಿತಗಳನ್ನು ತಾಳಿಕೊಳ್ಳುತ್ತದೆ. ಒಂದು ಚೂಪಾದ ಮಡಿಕೆಯೋ ಆಳವಾದ ಗೀರೋ ಇದ್ದರೆ ಒತ್ತಡವೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದ.

ಆದ್ದರಿಂದ ಎಲ್ಲ ನೆಗ್ಗುಗಳೂ ಒಂದೇ ಅಲ್ಲ. ಬೋಗುಣಿಯಂತೆ ನಯವಾಗಿ ತಗ್ಗಿದ ದೊಡ್ಡ ನೆಗ್ಗು ವರ್ಷಗಟ್ಟಲೆ ಏನೂ ಮಾಡದೆ ಇರಬಹುದು. ರಿವೆಟ್ ಸಾಲಿನ ಪಕ್ಕದ ಬೆರಳುದ್ದದ ಮಡಿಕೆ ಅಪಾಯಕಾರಿಯಾಗಬಹುದು. ಎಷ್ಟು ಉದ್ದ, ಎಷ್ಟು ಆಳ, ಚೌಕಟ್ಟಿನಿಂದ ಎಷ್ಟು ದೂರ ಎಂಬುದಕ್ಕೆಲ್ಲ ತಯಾರಕರ ದುರಸ್ತಿ ಕೈಪಿಡಿಯಲ್ಲಿ ಮಿತಿಗಳಿವೆ. ಅಳೆದು ನೋಡಿದವರಿಗೆ ಮಾತ್ರ ಉತ್ತರ ಗೊತ್ತಾಗುತ್ತದೆ. ಕಣ್ಣಂದಾಜಿನಲ್ಲಿ ‘ಏನೂ ಆಗುವುದಿಲ್ಲ’ ಎನ್ನುವುದು ಪೈಲಟ್‌ನ ಕೆಲಸವಲ್ಲ. ಅನುಭವಿ ಪೈಲಟ್‌ಗಳೇ ಇದನ್ನು ಒತ್ತಿ ಹೇಳುತ್ತಾರೆ.

2005ರ ಡಿಸೆಂಬರ್ 26ರಂದು ಸಿಯಾಟಲ್‌ನಲ್ಲಿ ನಡೆದದ್ದನ್ನು ನೋಡಿ. ಅದು ಪ್ರಾದೇಶಿಕ ಜೆಟ್ ಅಲ್ಲ, ಅಲಾಸ್ಕಾ ಏರ್‌ಲೈನ್ಸ್‌ನ ಎಂಡಿ-83. ಬರ್‌ಬ್ಯಾಂಕ್‌ಗೆ ಹೊರಟಿದ್ದ ವಿಮಾನ ಸುಮಾರು 26,000 ಅಡಿ ಎತ್ತರದಲ್ಲಿ ಏರುತ್ತಿದ್ದಾಗ ಅದರ ಪಕ್ಕೆಯಲ್ಲಿ ಒಂದು ಅಡಿ ಉದ್ದ, ಅರ್ಧ ಅಡಿ ಅಗಲದ ತೂತು ಬಿತ್ತು. ಗಾಳಿ ಭೋರೆಂದು ಹೊರನುಗ್ಗಿತು, ಆಮ್ಲಜನಕದ ಮುಖವಾಡಗಳು ಇಳಿದುಬಂದವು. ಪೈಲಟ್‌ಗಳು ತಕ್ಷಣ ಕೆಳಗಿಳಿಸಿ ಸಿಯಾಟಲ್‌ಗೇ ಹಿಂದಿರುಗಿದರು. 142 ಜನರೂ ಬದುಕಿದರು. ಹೊರಡುವ ಮುನ್ನ ನೆಲದ ಸಿಬ್ಬಂದಿಯೊಬ್ಬರ ಗಾಡಿ ವಿಮಾನಕ್ಕೆ ತಾಗಿತ್ತು. ಅವರು ಯಾರಿಗೂ ಹೇಳಿರಲಿಲ್ಲ. ತಾಗಿದ ಜಾಗದಲ್ಲಿ ಬಿದ್ದ ಮಡಿಕೆ ಅದೇ ಹಾರಾಟದಲ್ಲಿ ಬಾಯ್ತೆರೆಯಿತು.

ಆ ಸಿಬ್ಬಂದಿ ‘ತಾಗಿತು’ ಎಂದು ಒಂದು ಮಾತು ಹೇಳಿದ್ದರೆ ವಿಮಾನ ತಡವಾಗುತ್ತಿತ್ತು, ಅಷ್ಟೇ. ಅಲ್ಲಿ ಪೆಟ್ಟು ಕೆಲವೇ ನಿಮಿಷಗಳಲ್ಲಿ ಹೊರಬಿತ್ತು ಎಂಬುದು ಒಂದು ರೀತಿಯಲ್ಲಿ ಅದೃಷ್ಟ. ಚೈನಾ ಏರ್‌ಲೈನ್ಸ್‌ನ ಬೋಯಿಂಗ್ 747 ಒಂದರ ಬಾಲ 1980ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಇಳಿಯುವಾಗ ನೆಲಕ್ಕೆ ಉಜ್ಜಿತ್ತು. ಗೀರುಬಿದ್ದ ತಗಡನ್ನು ಕತ್ತರಿಸಿ ತೆಗೆಯಬೇಕಿತ್ತು. ಅದರ ಮೇಲೆಯೇ ಇನ್ನೊಂದು ತಗಡು ಹೊದಿಸಿ ದುರಸ್ತಿ ಮುಗಿಸಿದರು. ಒಳಗೆ ಬಿರುಕು ಬೆಳೆಯುತ್ತಲೇ ಇತ್ತು. 22 ವರ್ಷಗಳ ಬಳಿಕ, 2002ರ ಮೇ 25ರಂದು, ತೈವಾನ್ ಜಲಸಂಧಿಯ ಮೇಲೆ ಆ ವಿಮಾನ ಗಾಳಿಯಲ್ಲೇ ಒಡೆದುಹೋಯಿತು. 225 ಜನ ಸತ್ತರು. ದುರಸ್ತಿಯಾಗಿದೆ ಎಂದು ಬರೆದ ಕಾಗದವಿತ್ತು, ಆದರೆ ಕಾಗದ ಹೇಳಿದ್ದಕ್ಕೂ ತಗಡಿನಲ್ಲಿದ್ದದ್ದಕ್ಕೂ ತಾಳೆಯಿರಲಿಲ್ಲ. ಪೆಟ್ಟನ್ನು ಮನುಷ್ಯರು ಮರೆಯಬಹುದು, ಲೋಹ ಪ್ರತಿ ಏರಿಳಿತದಲ್ಲೂ ಅದನ್ನು ಎಣಿಸುತ್ತಲೇ ಇರುತ್ತದೆ.

ಜೋರಾಗಿ ಇಳಿಯಿತು ಎಂದು ಹೇಳುವವರು ಯಾರು

ನೆಗ್ಗಾದರೂ ಕಣ್ಣಿಗೆ ಕಾಣುತ್ತದೆ. ಜೋರಾದ ಇಳಿತದ ವಿಷಯ ಇನ್ನೂ ಸೂಕ್ಷ್ಮ. ಪ್ರಯಾಣಿಕ ವಿಮಾನದ ಚಕ್ರದ ಕಾಲುಗಳನ್ನು ಸೆಕೆಂಡಿಗೆ 10 ಅಡಿ ವೇಗದಲ್ಲಿ ನೆಲಕ್ಕೆ ಬಡಿದರೂ ತಾಳುವಂತೆ ವಿನ್ಯಾಸ ಮಾಡಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಅಂದರೆ ನಿಮಿಷಕ್ಕೆ 600 ಅಡಿ. ಸಾಮಾನ್ಯ ಇಳಿತ ಅದರ ಮೂರನೇ ಒಂದು ಭಾಗಕ್ಕಿಂತಲೂ ಮೆತ್ತಗಿರುತ್ತದೆ. 2025ರ ಫೆಬ್ರವರಿ 17ರಂದು ಟೊರಾಂಟೊದಲ್ಲಿ ಇಳಿಯುತ್ತಿದ್ದ ಎಂಡೆವರ್ ಏರ್‌ನ ಸಿಆರ್‌ಜೆ-900 ನಿಮಿಷಕ್ಕೆ ಸುಮಾರು 1,100 ಅಡಿ ವೇಗದಲ್ಲಿ ನೆಲ ಮುಟ್ಟಿತೆಂದು ಕೆನಡಾದ ತನಿಖೆಯ ಪ್ರಾಥಮಿಕ ವರದಿ ಹೇಳಿತು. ವಿಮಾನದ ಬಲಗಡೆಯ ಚಕ್ರದ ಕಾಲು ಮುರಿಯಿತು, ರೆಕ್ಕೆ ಕಳಚಿತು, ವಿಮಾನ ಬೆನ್ನ ಮೇಲೆ ಮಗುಚಿತು. ಒಳಗಿದ್ದ 80 ಜನರೂ ಜೀವಸಹಿತ ಹೊರಬಂದರು.

ಅಲ್ಲಿ ಯಾರೂ ಏನನ್ನೂ ಹೇಳಬೇಕಾಗಿರಲಿಲ್ಲ, ಮುರಿದ ರೆಕ್ಕೆಯೇ ಹೇಳಿತು. ನಿಜವಾದ ಕಷ್ಟ ಇರುವುದು ಮಿತಿಯ ಆಸುಪಾಸಿನ ಇಳಿತಗಳಲ್ಲಿ. ದಢ್ಡೆಂದು ಕೂರುತ್ತದೆ, ಪ್ರಯಾಣಿಕರು ಒಮ್ಮೆ ಬೆಚ್ಚುತ್ತಾರೆ, ವಿಮಾನ ಸರಾಗವಾಗಿ ಗೇಟಿಗೆ ಬರುತ್ತದೆ. ಕಾಲಿನ ಒಳಗಿನ ಕೊಂಡಿಯೊಂದರಲ್ಲಿ ಕೂದಲೆಳೆಯ ಬಿರುಕು ಬಿದ್ದಿದೆಯೇ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಇಳಿತದ ಅಂಕಿಅಂಶಗಳು ಯಂತ್ರದಲ್ಲಿ ದಾಖಲಾಗುತ್ತವೆ ನಿಜ, ಆದರೆ ಅವನ್ನು ತೆಗೆದು ನೋಡುವುದು ಅನೇಕ ಸಲ ದಿನಗಳ ನಂತರ. ಅಷ್ಟರಲ್ಲಿ ವಿಮಾನ ಹತ್ತಾರು ಬಾರಿ ಇಳಿದಿರುತ್ತದೆ. ತಪಾಸಣೆ ಅಂದೇ ಆಗಬೇಕಾದರೆ ಕ್ಯಾಪ್ಟನ್ ‘ಜೋರಾಗಿ ಇಳಿಯಿತು’ ಎಂದು ಬರೆಯಬೇಕು. ತನ್ನ ಕೈಚಳಕದ ಲೋಪವನ್ನು ತಾನೇ ಕೈಯಾರೆ ಬರೆದು ಸಹಿ ಹಾಕುವುದು ಅದು. ಯಾವ ವೃತ್ತಿಯಲ್ಲಾದರೂ ಇದು ಸುಲಭವಲ್ಲ.

ನಿಯಮ ಏನು ಕೇಳುತ್ತದೆ

ನಿಯಮ ಗೊಂದಲವಿಲ್ಲದೆ ಇದೆ. ಹಾರಲು ಯೋಗ್ಯವಲ್ಲದ ವಿಮಾನವನ್ನು ಯಾರೂ ಹಾರಿಸಬಾರದು, ಯೋಗ್ಯವೇ ಎಂದು ಖಚಿತಪಡಿಸಿಕೊಳ್ಳುವ ಹೊಣೆ ಕ್ಯಾಪ್ಟನ್‌ನದು. ಹಾರಾಟದಲ್ಲಿ ಕಂಡ ಪ್ರತಿಯೊಂದು ಯಾಂತ್ರಿಕ ದೋಷವೂ ಆ ಹಾರಾಟ ಮುಗಿದಾಗ ಲಾಗ್‌ಬುಕ್ ಸೇರಿರಬೇಕು. ‘ಆ ಹಾರಾಟ ಮುಗಿದಾಗ’ ಎಂಬ ಮಾತನ್ನು ಗಮನಿಸಿ, ಅದಕ್ಕೆ ಮತ್ತೆ ಬರುತ್ತೇನೆ.

ಸುದ್ದಿ ಓದುವವರಿಗೆ ಗೊಂದಲ ಹುಟ್ಟಿಸುವುದು ಇನ್ನೊಂದು ವಿಷಯ. ವಿಮಾನಕ್ಕೆ ಕಣ್ಣಿಗೆ ರಾಚುವಂತೆ ಜಖಂ ಆಗಿದ್ದರೂ ಕಂಪನಿ ಅದನ್ನು ‘ಘಟನೆ’ ಎನ್ನುತ್ತದೆ, ‘ಅಪಘಾತ’ ಎನ್ನುವುದಿಲ್ಲ. ಮುಚ್ಚಿಹಾಕುತ್ತಿದ್ದಾರೆ ಎಂದು ಜನರಿಗೆ ಅನ್ನಿಸುತ್ತದೆ. ಅಮೆರಿಕದಲ್ಲಿ ಸಾರಿಗೆ ಅಪಘಾತಗಳ ತನಿಖೆ ನಡೆಸುವುದು ಎನ್‌ಟಿಎಸ್‌ಬಿ. ಅದರ ನಿಯಮದಲ್ಲಿ ಅಪಘಾತ ಎಂದರೆ ಸಾವು, ಗಂಭೀರ ಗಾಯ ಅಥವಾ ‘ಗಣನೀಯ ಹಾನಿ’ ಆಗಿರಬೇಕು. ವಿಮಾನದ ಬಲ, ಸಾಮರ್ಥ್ಯ ಅಥವಾ ಹಾರುವ ಗುಣ ಕುಂದಿ, ದೊಡ್ಡ ದುರಸ್ತಿ ಬೇಕಾದಾಗ ಮಾತ್ರ ಅದು ಗಣನೀಯ. ನೆಗ್ಗಿದ ತಗಡು, ತಗಡಿನ ಸಣ್ಣ ತೂತು, ಟೈರು, ಬ್ರೇಕು, ಫ್ಲ್ಯಾಪ್ (ರೆಕ್ಕೆಯ ಹಿಂದಿನ ಚಲಿಸುವ ಫಲಕ), ರೆಕ್ಕೆಯ ತುದಿ, ಒಂದೇ ಎಂಜಿನ್ ಕೆಟ್ಟರೆ ಆ ಎಂಜಿನ್ ಇವೆಲ್ಲ ಈ ವ್ಯಾಖ್ಯೆಯಿಂದ ಹೊರಗೆ. ಚಕ್ರದ ಕಾಲಿನ ಹಾನಿಯೂ ಆ ಪಟ್ಟಿಯಲ್ಲಿದೆ ಎಂದರೆ ನಂಬುವುದು ಕಷ್ಟ.

ಹಾಗಾಗಿ ಪದ ಸಣ್ಣದಾದ ಮಾತ್ರಕ್ಕೆ ಸುಳ್ಳು ಹೇಳಿದರು ಎಂದಲ್ಲ. ಆದರೆ ಈ ವ್ಯಾಖ್ಯೆ ತನಿಖಾ ಸಂಸ್ಥೆಗೆ ಫೋನ್ ಮಾಡಬೇಕೇ ಬೇಡವೇ ಎಂದು ತೀರ್ಮಾನಿಸಲು ಇರುವುದು. ಮೆಕ್ಯಾನಿಕ್‌ಗೆ ಹೇಳಬೇಕೇ ಎಂದು ತೀರ್ಮಾನಿಸಲು ಅಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಇದು ವರದಿ ಮಾಡುವಂಥದ್ದಲ್ಲ’ ಎಂದು ಸಮಾಧಾನ ಮಾಡಿಕೊಳ್ಳುವುದೇ ತಪ್ಪಿನ ಮೊದಲ ಮೆಟ್ಟಿಲು ಎಂದು ನನಗನ್ನಿಸುತ್ತದೆ.

ಕೊನೆಯ ಹಾರಾಟದಲ್ಲೇ ಕೆಡುವ ವಿಮಾನಗಳು

ಪೈಲಟ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಹಳೆಯ ಸಂಗತಿಯೊಂದಿದೆ. ದೋಷಗಳೆಲ್ಲ ಮೆಕ್ಯಾನಿಕ್ ಇರುವ ದೊಡ್ಡ ನಿಲ್ದಾಣಕ್ಕೆ ಬರುವ ಹಾರಾಟದಲ್ಲೇ ‘ಕಾಣಿಸಿಕೊಳ್ಳುತ್ತವೆ’. ದಿನವಿಡೀ ಸಣ್ಣ ಊರುಗಳಲ್ಲಿ ಇಳಿದಾಗ ಏನೂ ಇರುವುದಿಲ್ಲ, ಸಂಜೆ ಮನೆಗೆ ಮರಳಿದಾಗ ಲಾಗ್‌ಬುಕ್‌ನಲ್ಲಿ ಮೂರು ಸಾಲು. ಬೆಳಿಗ್ಗೆಯೇ ಕಂಡ ದೋಷವನ್ನು ಸಂಜೆಯವರೆಗೆ ಹೊಟ್ಟೆಯಲ್ಲಿಟ್ಟುಕೊಂಡು ಬರುವುದು ಎಂದರೆ ಇದು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಆ ಲೆಕ್ಕ. ‘ಆ ಹಾರಾಟ ಮುಗಿದಾಗ’ ಎಂದು ನಿಯಮ ಬಿಡಿಸಿ ಹೇಳಿರುವುದು ಈ ಚಾಳಿಗೆ ಎಡೆಗೊಡಬಾರದೆಂದೇ.

ಹೀಗೆ ಮಾಡುವವರನ್ನೆಲ್ಲ ದುಷ್ಟರೆಂದು ನಾನು ಭಾವಿಸುವುದಿಲ್ಲ. ಅವರ ಹೆಗಲ ಮೇಲಿನ ಭಾರ ನಿಜವಾದದ್ದು. ಸಣ್ಣ ಊರಿನಲ್ಲಿ ವಿಮಾನ ನಿಂತರೆ ದಿನದ ಸಾಲುಸಾಲು ಹಾರಾಟಗಳು ಕುಸಿಯುತ್ತವೆ, ಪ್ರಯಾಣಿಕರು ರಾತ್ರಿ ಬೆಂಚಿನ ಮೇಲೆ ಕಳೆಯುತ್ತಾರೆ, ಸಿಬ್ಬಂದಿಯ ಕೆಲಸದ ಅವಧಿ ಮುಗಿದುಹೋಗುತ್ತದೆ. ಪ್ರಾದೇಶಿಕ ಕಂಪನಿ ದೊಡ್ಡ ಕಂಪನಿಯ ಗುತ್ತಿಗೆಯಲ್ಲಿ ಹಾರುತ್ತದೆ, ರದ್ದಾದ ಹಾರಾಟ ಅದಕ್ಕೆ ನಷ್ಟ. ಜೊತೆಗೆ ಇಲ್ಲಿನ ಬಹುಪಾಲು ಕಿರಿಯ ಪೈಲಟ್‌ಗಳು ದೊಡ್ಡ ಕಂಪನಿಯ ಬಾಗಿಲು ತಟ್ಟಲು ಕಾದಿರುವವರು. ಬಫಲೋ ಬಳಿ 2009ರಲ್ಲಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ ಬಂದ ಕಾನೂನು, ನೇಮಕಕ್ಕೆ ಮುನ್ನ ಪೈಲಟ್‌ನ ಹಿಂದಿನ ದಾಖಲೆಗಳನ್ನು ಸರ್ಕಾರಿ ದತ್ತಾಂಶ ಕೋಶದಲ್ಲಿ ನೋಡುವಂತೆ ಮಾಡಿತು. ಒಳ್ಳೆಯ ಉದ್ದೇಶದ ಕ್ರಮ. ಆದರೆ ಇಪ್ಪತ್ತೈದರ ಹರೆಯದ ಪೈಲಟ್ ಒಬ್ಬಳಿಗೆ ಇಂದಿನ ಒಂದು ಕಪ್ಪುಚುಕ್ಕೆ ಮುಂದಿನ ನಲವತ್ತು ವರ್ಷ ಹಿಂಬಾಲಿಸುತ್ತದೆ ಎಂಬ ಭಯ ಹುಟ್ಟುವುದೂ ಸಹಜ. ಪಕ್ಕದಲ್ಲಿ ಕುಳಿತ ಹಿರಿಯ ಕ್ಯಾಪ್ಟನ್ ‘ಇರಲಿ ಬಿಡು’ ಎಂದರಂತೂ ಅದನ್ನು ಮೀರಿ ಮಾತಾಡಲು ಎದೆಗಾರಿಕೆ ಬೇಕು.

ಹದಿನಾಲ್ಕು ನಿಮಿಷ

ಮರೆಮಾಚುವ ಹುಚ್ಚು ಎಷ್ಟು ಆಳಕ್ಕೆ ಒಯ್ಯಬಲ್ಲದು ಎಂಬುದಕ್ಕೆ ಪ್ರಾದೇಶಿಕ ಜೆಟ್‌ಗಳ ಇತಿಹಾಸದಲ್ಲಿ ಒಂದು ರಾತ್ರಿ ಇದೆ. ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2004ರ ಅಕ್ಟೋಬರ್ 14. ಪಿನಕಲ್ ಏರ್‌ಲೈನ್ಸ್‌ನ ಸಿಆರ್‌ಜೆ-200, ಹಾರಾಟ ಸಂಖ್ಯೆ 3701. ಅರ್ಕಾನ್ಸಾದ ಲಿಟಲ್ ರಾಕ್‌ನಿಂದ ಮಿನಿಯಾಪೊಲಿಸ್‌ಗೆ ಖಾಲಿ ವಿಮಾನ ಒಯ್ಯುವ ಕೆಲಸ. ಒಳಗೆ ಇಬ್ಬರು ಪೈಲಟ್‌ಗಳಷ್ಟೇ. ಆ ವಿಮಾನ ಹಾರಬಹುದಾದ ಗರಿಷ್ಠ ಎತ್ತರ 41,000 ಅಡಿ. ಅಲ್ಲಿಗೆ ಏರಿ ನೋಡೋಣ ಎಂದು ಅವರಿಗೆ ಅನ್ನಿಸಿತು. ಆಟೋಪೈಲಟ್‌ಗೆ ಅವರು ನಿಮಿಷಕ್ಕೆ ಇಷ್ಟು ಅಡಿ ಏರು ಎಂದು ಹೇಳಿದ್ದರು, ಇಷ್ಟು ವೇಗ ಕಾಪಾಡಿಕೋ ಎಂದು ಹೇಳಿರಲಿಲ್ಲ. ತೆಳುಗಾಳಿಯಲ್ಲಿ ಎಂಜಿನ್‌ಗಳಿಗೆ ಅಷ್ಟು ಬಲವಿರಲಿಲ್ಲ. ವಿಮಾನ ಏರುತ್ತಾ ಏರುತ್ತಾ ವೇಗವನ್ನು ಕಳೆದುಕೊಂಡಿತು. ತುದಿ ಮುಟ್ಟಿದ ಸ್ವಲ್ಪ ಹೊತ್ತಿಗೆ ರೆಕ್ಕೆಗಳು ಗಾಳಿಯ ಹಿಡಿತ ಬಿಟ್ಟವು, ಎಂಜಿನ್‌ಗಳಿಗೆ ಹೋಗುವ ಗಾಳಿ ಕದಡಿತು, ಎರಡೂ ಆರಿಹೋದವು.

ಆಗ ನೆಲದ ಮೇಲಿನ ವಿಮಾನ ಸಂಚಾರ ನಿಯಂತ್ರಣ ಕೇಂದ್ರಕ್ಕೆ ಅವರು ಹೇಳಿದ್ದು ಒಂದು ಎಂಜಿನ್ ಕೆಟ್ಟಿದೆ ಎಂದು. ಎರಡೂ ಆರಿವೆ ಎಂದು ಬಾಯಿಬಿಟ್ಟದ್ದು ಸುಮಾರು 14 ನಿಮಿಷಗಳ ನಂತರ.

ಒಂದು ಎಂಜಿನ್ ಕೆಟ್ಟ ವಿಮಾನಕ್ಕೆ ಅಷ್ಟೊಂದು ಅವಸರವಿಲ್ಲ. ಎರಡೂ ಆರಿದ ವಿಮಾನ ಒಂದು ಗ್ಲೈಡರ್, ಅದಕ್ಕಿರುವ ಆಸ್ತಿ ಎತ್ತರ ಮಾತ್ರ, ಪ್ರತಿ ನಿಮಿಷವೂ ಅದು ಕರಗುತ್ತದೆ. 40,000 ಅಡಿ ಎತ್ತರದಿಂದ ಜಾರಿ ಇಳಿಯಬಹುದಾದ ನಿಲ್ದಾಣಗಳು ಆ ಪ್ರದೇಶದಲ್ಲಿ ಹಲವು ಇದ್ದವು. ನಿಜ ಗೊತ್ತಿದ್ದರೆ ನಿಯಂತ್ರಕರು ಆ ಕ್ಷಣವೇ ಹತ್ತಿರದ ರನ್‌ವೇ ತೋರಿಸುತ್ತಿದ್ದರು. ಪೈಲಟ್‌ಗಳು ಎಂಜಿನ್ ಮತ್ತೆ ಹೊತ್ತಿಸುವ ಪ್ರಯತ್ನದಲ್ಲಿದ್ದರು, ಹೊತ್ತಿದರೆ ಎಲ್ಲವೂ ಮುಗಿಯಿತು ಎಂದುಕೊಂಡಿರಬೇಕು. ಅದಕ್ಕೆ ಬೇಕಾದ ವೇಗಕ್ಕೆ ವಿಮಾನವನ್ನು ಅವರು ಒಯ್ಯಲೇ ಇಲ್ಲ. ಒಳಗಿನ ಸುತ್ತುವ ಭಾಗ ನಿಂತಿತು. ಬಿಸಿ ಲೋಹ ತಣ್ಣಗಾಗುವಾಗ ಒಂದೊಂದು ಭಾಗ ಒಂದೊಂದು ವೇಗದಲ್ಲಿ ಕುಗ್ಗಿ, ಒಂದಕ್ಕೊಂದು ಕಚ್ಚಿಕೊಂಡು ಕೂತಿತು. ಇನ್ನು ಏನು ಮಾಡಿದರೂ ಅದು ತಿರುಗುವಂತಿರಲಿಲ್ಲ. ಎಂಜಿನ್ ಆರಿ ಸುಮಾರು 20 ನಿಮಿಷಗಳಿಗೆ, ಮಿಸೌರಿಯ ಜೆಫರ್ಸನ್ ಸಿಟಿಯ ರನ್‌ವೇಗೆ ಕೆಲವೇ ಮೈಲಿ ಮೊದಲು, ಮನೆಗಳ ಹಿಂದೆ ವಿಮಾನ ಬಿತ್ತು. ಇಬ್ಬರೂ ಸತ್ತರು. ನೆಲದ ಮೇಲಿದ್ದ ಯಾರಿಗೂ ಏನೂ ಆಗಲಿಲ್ಲ.

ಎನ್‌ಟಿಎಸ್‌ಬಿ ಕಾರಣ ಹೇಳುವಾಗ ವೃತ್ತಿಗೆ ತಕ್ಕುದಲ್ಲದ ನಡತೆ, ಕೊರತೆಯ ತರಬೇತಿ, ಎಂಜಿನ್ ಹೊತ್ತಿಸುವ ಕ್ರಮದಲ್ಲಿನ ತಪ್ಪುಗಳ ಜೊತೆಗೆ, ತುರ್ತುಸ್ಥಿತಿಯನ್ನೂ ಇಳಿಯಬಹುದಾದ ಜಾಗಗಳನ್ನೂ ಕುರಿತು ನಿಯಂತ್ರಕರೊಂದಿಗೆ ತಕ್ಷಣ ಮಾತಾಡಲಿಲ್ಲ ಎಂಬುದನ್ನೂ ಹೆಸರಿಸಿತು. ಏಕೆ ಮುಚ್ಚಿಟ್ಟರು ಎಂದು ಹೇಳಲು ಅವರು ಉಳಿಯಲಿಲ್ಲ. ಎರಡೂ ಎಂಜಿನ್ ಆರಿದವು ಎಂದರೆ ಅಷ್ಟು ಎತ್ತರದಲ್ಲಿ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಹೆದರಿದರು ಎಂಬುದು ನನ್ನ ಓದು. ಜೀವ ಉಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಕೆಲಸ ಉಳಿಸಿಕೊಳ್ಳುವ ಯೋಚನೆ ಅಡ್ಡಬಂತು.

ಹೇಳುವುದನ್ನು ಸುಲಭ ಮಾಡುವುದು

ಇಂಥ ಭಯವನ್ನು ಉಪದೇಶದಿಂದ ಓಡಿಸಲಾಗದು ಎಂದು ವಿಮಾನಯಾನ ಲೋಕ ಬಹಳ ಹಿಂದೆ ಕಂಡುಕೊಂಡಿತು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್‌ನ ಡಲಸ್ ನಿಲ್ದಾಣಕ್ಕೆ ಬರುತ್ತಿದ್ದ ಟಿಡಬ್ಲ್ಯುಎ ಕಂಪನಿಯ 514ನೇ ಸಂಖ್ಯೆಯ ವಿಮಾನ ವರ್ಜೀನಿಯಾದ ಬೆಟ್ಟವೊಂದಕ್ಕೆ ಬಡಿದು 92 ಜನ ಸತ್ತರು. ನಿಯಂತ್ರಕರ ಸೂಚನೆಯನ್ನು ಪೈಲಟ್‌ಗಳು ತಪ್ಪಾಗಿ ಅರ್ಥ ಮಾಡಿಕೊಂಡು ಬೇಗ ಕೆಳಗಿಳಿದಿದ್ದರು. ಸುಮಾರು ಆರು ವಾರ ಮೊದಲು ಯುನೈಟೆಡ್‌ನ ಪೈಲಟ್‌ಗಳೂ ಅಲ್ಲೇ ಅದೇ ತಪ್ಪು ಮಾಡಿ ಕೂದಲೆಳೆಯಲ್ಲಿ ಪಾರಾಗಿದ್ದರು. ಅವರು ತಮ್ಮ ಕಂಪನಿಗೆ ಹೇಳಿದ್ದರು, ಕಂಪನಿ ತನ್ನ ಪೈಲಟ್‌ಗಳಿಗೆ ಹೇಳಿತ್ತು. ಟಿಡಬ್ಲ್ಯುಎಗೆ ಆ ಮಾತು ಮುಟ್ಟಲಿಲ್ಲ.

ಇದಾದ ಮೇಲೆ 1976ರಲ್ಲಿ ಸ್ವಯಂಪ್ರೇರಿತ ವರದಿಯ ವ್ಯವಸ್ಥೆ ಶುರುವಾಯಿತು. ಅದರ ಜಾಣತನವಿರುವುದು ನಡೆಸುವವರ ಆಯ್ಕೆಯಲ್ಲಿ. ವಿಮಾನಯಾನದ ನಿಯಂತ್ರಣ ಸಂಸ್ಥೆ ಎಫ್‌ಎಎ, ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ಅದಕ್ಕಿದೆ. ಅದಕ್ಕೇ ಹೋಗಿ ತಪ್ಪೊಪ್ಪಿಕೊಳ್ಳಿ ಎಂದರೆ ಯಾರು ಹೋಗುತ್ತಾರೆ? ಹಾಗಾಗಿ ವರದಿಗಳು ಹೋಗುವುದು ನಾಸಾಗೆ. ಅದಕ್ಕೆ ಯಾರನ್ನೂ ಶಿಕ್ಷಿಸುವ ಅಧಿಕಾರವಿಲ್ಲ. ಅರ್ಜಿಯ ಹೆಸರಿರುವ ಚೂರನ್ನು ಬೇರ್ಪಡಿಸಿ, ಮೊಹರು ಹಾಕಿ ಬರೆದವರಿಗೇ ಹಿಂದಿರುಗಿಸುತ್ತಾರೆ. ಉಳಿದದ್ದು ಹೆಸರಿಲ್ಲದ ಪಾಠವಾಗಿ ಎಲ್ಲರಿಗೂ ಸಿಗುತ್ತದೆ. ಉದ್ದೇಶಪೂರ್ವಕವಲ್ಲದ ತಪ್ಪಾಗಿದ್ದರೆ, 10 ದಿನದೊಳಗೆ ವರದಿ ಕಳಿಸಿದ್ದರೆ, ಮುಂದೆ ಎಫ್‌ಎಎ ಆ ತಪ್ಪನ್ನು ಹಿಡಿದರೂ ಸಾಮಾನ್ಯವಾಗಿ ದಂಡನೆ ಹೇರುವುದಿಲ್ಲ. ಅಪರಾಧಕ್ಕೂ ಅಪಘಾತಕ್ಕೂ ಈ ರಕ್ಷಣೆ ಇಲ್ಲ.

ನಂತರ ಕಂಪನಿಗಳ ಒಳಗೂ ಇಂಥದ್ದೇ ವ್ಯವಸ್ಥೆ ಬಂತು. ಪೈಲಟ್ ಬರೆದ ವರದಿಯನ್ನು ಕಂಪನಿ, ಪೈಲಟ್‌ಗಳ ಸಂಘ, ಎಫ್‌ಎಎ ಮೂವರ ಪ್ರತಿನಿಧಿಗಳು ಒಟ್ಟಿಗೆ ಕುಳಿತು ನೋಡುತ್ತಾರೆ. 2015ರಿಂದ ಎಫ್‌ಎಎ ತನ್ನ ಧೋರಣೆಯನ್ನೂ ಬದಲಿಸಿಕೊಂಡಿತು. ಪ್ರಾಮಾಣಿಕ ತಪ್ಪಿಗೆ ತರಬೇತಿ, ತಿದ್ದುಪಡಿ. ಬೇಕೆಂದೇ ಮಾಡಿದ್ದಕ್ಕೆ ಶಿಕ್ಷೆ. ಸುಳ್ಳಿಗೆ ಮಾತ್ರ ಕ್ಷಮೆಯಿಲ್ಲ. ದಾಖಲೆಯಲ್ಲಿ ಸುಳ್ಳು ಬರೆದವರ ಲೈಸೆನ್ಸ್ ಹೋಗಬಹುದು, ಸರ್ಕಾರಿ ತನಿಖೆಗೆ ಬೇಕೆಂದೇ ಸುಳ್ಳು ಹೇಳುವುದು ಐದು ವರ್ಷದವರೆಗೆ ಜೈಲು ಶಿಕ್ಷೆಯಿರುವ ಅಪರಾಧ. ಅಂದರೆ ಜೋರಾಗಿ ಇಳಿಸಿದ ಪೈಲಟ್‌ಗೆ ಅದನ್ನು ಬರೆದರೆ ಬಹುಶಃ ತರಬೇತಿಯ ಸಿಮ್ಯುಲೇಟರ್‌ನಲ್ಲಿ ಒಂದು ದಿನ. ಮುಚ್ಚಿಟ್ಟು ಸಿಕ್ಕಿಬಿದ್ದರೆ ವೃತ್ತಿಯೇ ಹೋಗಬಹುದು.

ಇಷ್ಟೆಲ್ಲ ಇದ್ದರೂ ಮಾತು ಹೊರಡುವುದಿಲ್ಲ ಎಂಬುದಕ್ಕೆ 2019ರ ಮಾರ್ಚ್ 4ರ ಘಟನೆ ಸಾಕ್ಷಿ. ಕಮ್ಯೂಟ್‌ಏರ್‌ನ ಇಆರ್‌ಜೆ-145, ಮೇನ್ ರಾಜ್ಯದ ಪ್ರೆಸ್ಕ್ ಐಲ್‌ನಲ್ಲಿ ಹಿಮ ಸುರಿಯುತ್ತಿದ್ದಾಗ ರನ್‌ವೇಯ ಮೇಲೆ ಇಳಿಯಬೇಕಾದದ್ದು ರನ್‌ವೇಗೂ ಟ್ಯಾಕ್ಸಿವೇಗೂ (ವಿಮಾನಗಳು ನೆಲದ ಮೇಲೆ ಓಡಾಡುವ ದಾರಿ) ನಡುವಿನ ಹಿಮದ ಮೇಲೆ ಇಳಿಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ದಾರಿ ತೋರುವ ರೇಡಿಯೊ ಸಂಕೇತ, ಆಂಟೆನಾ ಸುತ್ತ ಪೇರಿಕೊಂಡ ಹಿಮದಿಂದಾಗಿ ಸುಮಾರು 200 ಅಡಿ ಪಕ್ಕಕ್ಕೆ ಸರಿದಿತ್ತು. ರನ್‌ವೇ ಖಚಿತವಾಗಿ ಕಾಣದಿದ್ದರೂ ಇಳಿದದ್ದು ಪೈಲಟ್‌ಗಳ ತಪ್ಪು. ಆದರೆ ಅದೇ ಕಂಪನಿಯ ಬೇರೆ ಪೈಲಟ್‌ಗಳು ಅದಕ್ಕೂ ಮೊದಲೇ ಸಂಕೇತ ಓರೆಯಾಗಿರುವುದನ್ನು ಗಮನಿಸಿದ್ದರು. ಅವರ ಕಣ್ಣಿಗೆ ರನ್‌ವೇ ಕಂಡಿತ್ತು, ಸರಿಪಡಿಸಿಕೊಂಡು ಇಳಿದಿದ್ದರು, ಹೇಳದೆ ಸುಮ್ಮನಾಗಿದ್ದರು. ಆ ಮೌನವೂ ಅಪಘಾತಕ್ಕೆ ಒಂದು ಕಾರಣ ಎಂದು ಎನ್‌ಟಿಎಸ್‌ಬಿ ಬರೆಯಿತು. ಇಲ್ಲಿ ಯಾರೂ ಭಯದಿಂದ ಬಾಯಿ ಮುಚ್ಚಿಕೊಂಡಿರಲಾರರು. ನನಗೇನೂ ಆಗಲಿಲ್ಲವಲ್ಲ ಎಂಬ ನಿರಾಳವೂ ಮೌನಕ್ಕೆ ಸಾಕಾಗುತ್ತದೆ.

ಎರಡು ಮೌನ

ಪ್ರಾಮಾಣಿಕತೆಯ ಚರ್ಚೆಯಲ್ಲಿ ಬಹಳ ಸಲ ಕಲಸಿಹೋಗುವ ಒಂದು ವಿಷಯವನ್ನು ಬಿಡಿಸಬೇಕು. ಏನಾದರೂ ಅವಘಡವಾದರೆ ಮೊದಲು ಸಂಘದ ಪ್ರತಿನಿಧಿಗೆ ಫೋನ್ ಮಾಡಿ, ಅವರು ಬರುವವರೆಗೆ ಹೇಳಿಕೆ ಕೊಡಬೇಡಿ ಎಂದು ಪೈಲಟ್‌ಗಳಿಗೆ ಕಲಿಸಲಾಗುತ್ತದೆ. ಹೊರಗಿನವರಿಗೆ ಇದು ಮುಚ್ಚುಮರೆಯಂತೆ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಆಘಾತದಲ್ಲಿ ನಡುಗುತ್ತಿರುವ ಮನುಷ್ಯ ಮೊದಲ ಗಂಟೆಯಲ್ಲಿ ಹೇಳುವ ಮಾತು ತಪ್ಪಾಗಬಹುದು. ಅದು ಸುಳ್ಳಲ್ಲ, ಕದಡಿದ ನೆನಪು. ತನ್ನ ನಡವಳಿಕೆಯ ಬಗ್ಗೆ ಯೋಚಿಸಿ, ನೆರವು ಪಡೆದು ಮಾತಾಡುವ ಹಕ್ಕು ಅವನಿಗಿದೆ.

ವಿಮಾನದ ಬಗ್ಗೆ ಆ ಹಕ್ಕಿಲ್ಲ. ‘ನಾನೇಕೆ ಹಾಗೆ ಮಾಡಿದೆ’ ಎಂಬುದು ನಾಳೆಗೆ ಕಾಯಬಹುದು. ‘ಬಾಲ ನೆಲಕ್ಕೆ ತಾಗಿತು’ ಎಂಬುದು ಕಾಯಲಾಗದು, ಏಕೆಂದರೆ ಇನ್ನು ನಲವತ್ತು ನಿಮಿಷಕ್ಕೆ ಬೇರೆ ಪೈಲಟ್‌ಗಳು ಅದೇ ವಿಮಾನದಲ್ಲಿ ಬೇರೆ ಐವತ್ತು ಜನರನ್ನು ಕೂರಿಸಿಕೊಂಡು ಹೊರಡುತ್ತಾರೆ. ಲಾಗ್‌ಬುಕ್ ಆ ಸಾಲನ್ನು ಕೇಳುವುದು ನೆಪ, ವಿವರಣೆ, ತಪ್ಪೊಪ್ಪಿಗೆ ಯಾವುದೂ ಇಲ್ಲದೆ. ಎಲ್ಲಿ ತಾಗಿತು, ಏನು ಕಂಡಿತು, ಅಷ್ಟು ಸಾಕು. ಅದನ್ನು ಬರೆಯಲು ಯಾವ ವಕೀಲರ ಅನುಮತಿಯೂ ಬೇಕಿಲ್ಲ.

ಆ ಸಣ್ಣ ಊರಿನ ಬೆಳಗಿಗೆ ಮರಳುತ್ತೇನೆ. ಫಸ್ಟ್ ಆಫೀಸರ್ ಕ್ಯಾಪ್ಟನ್‌ನನ್ನು ಕರೆದು ತೋರಿಸುತ್ತಾಳೆ. ಅವನು ಬಗ್ಗಿ ನೋಡಿ, ತಾನೂ ಕೈಯಾಡಿಸಿ, ಕಂಪನಿಯ ನಿರ್ವಹಣಾ ವಿಭಾಗಕ್ಕೆ ಫೋನ್ ಮಾಡುತ್ತಾನೆ. ಲಾಗ್‌ಬುಕ್‌ನಲ್ಲಿ ಬರೆಯುತ್ತಾನೆ: ‘ಹಾರಾಟಪೂರ್ವ ಪರಿಶೀಲನೆಯಲ್ಲಿ ನೆಗ್ಗು ಕಂಡಿದೆ, ಎಡಭಾಗ, ಸಾಮಾನಿನ ಬಾಗಿಲಿನ ಹಿಂದೆ, ನಕ್ಷೆಯಲ್ಲಿ ಇಲ್ಲ.’ ಮೊದಲ ಹಾರಾಟ ತಪ್ಪುತ್ತದೆ, ಗೇಟಿನಲ್ಲಿ ಗೊಣಗಾಟ ಏಳುತ್ತದೆ. ಮೂರು ಗಂಟೆಯ ಬಳಿಕ ಪಕ್ಕದ ಊರಿನಿಂದ ಗುತ್ತಿಗೆಯ ಮೆಕ್ಯಾನಿಕ್ ಕಾರಿನಲ್ಲಿ ಬರುತ್ತಾನೆ. ಅಳತೆಕೋಲು ಇಟ್ಟು ಉದ್ದ, ಅಗಲ, ಆಳ ಅಳೆಯುತ್ತಾನೆ. ಚೂಪಾದ ಅಂಚಿನ ಮೇಲೆ ಭೂತಗನ್ನಡಿ ಹಿಡಿದು ಬಿರುಕು ಹುಡುಕುತ್ತಾನೆ. ಬಿರುಕಿಲ್ಲ, ಮಿತಿಯೊಳಗಿದೆ. ಕೈಪಿಡಿಯ ಪುಟಸಂಖ್ಯೆ ಬರೆದು ಸಹಿ ಹಾಕಿ, ನಕ್ಷೆಯಲ್ಲಿ ಹೊಸ ಗುರುತು ಮಾಡಿ, ಅಳತೆಗಳನ್ನು ನಮೂದಿಸುತ್ತಾನೆ.

ಮರುದಿನ ಬೇರೊಂದು ಊರಿನಲ್ಲಿ, ಬೇರೊಬ್ಬ ಪೈಲಟ್ ಟಾರ್ಚ್ ಹಿಡಿದು ಅದೇ ಜಾಗಕ್ಕೆ ಬರುತ್ತಾನೆ. ಬೆಳಕು ಮುರಿದಂತೆ ಕಾಣುತ್ತದೆ, ಕೈಯಿಟ್ಟು ಸವರುತ್ತಾನೆ. ಕಾಕ್‌ಪಿಟ್‌ಗೆ ಹೋಗಿ ನಕ್ಷೆ ಬಿಡಿಸಿದರೆ ಅಲ್ಲಿ ಅದು ಇದೆ, ಅಳತೆಯೂ ತಾರೀಖೂ ಸಹಿಯೂ ಸಮೇತ.